ಬ್ಯಾಡ್‌ಲ್ಯಾಂಡ್ಸ್‌ಗೆ ಹೊರಟಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಅಮೆರಿಕದ ಸೌತ್ ಡಕೋಟಾದಲ್ಲಿರುವ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೀಯಂತೆ, ಖುಷಿಯಾಯಿತು.

ಇಂಟರ್‌ಸ್ಟೇಟ್ 90ರಲ್ಲಿ ಪೂರ್ವದಿಂದ ಬಂದರೆ 131ನೇ ಎಕ್ಸಿಟ್ ಹಿಡಿ. ಉದ್ಯಾನದೊಳಗಿನ ಲೂಪ್ ರಸ್ತೆಯುದ್ದಕ್ಕೂ ಪದರ ಪದರವಾದ ಮಣ್ಣಿನ ಗುಡ್ಡಗಳು, ವರ್ಷಕ್ಕೆ ಸುಮಾರು ಒಂದು ಇಂಚು ಸವೆಯುತ್ತಿರುವಂಥವು. ಕಣ್ತುಂಬ ನೋಡು. ಆದರೆ ಅಷ್ಟಕ್ಕೇ ವಾಲ್ ಊರಿನ ಕಡೆ ತಿರುಗಿಬಿಡಬೇಡ ಮಾರಾಯ, ಸೇಜ್ ಕ್ರೀಕ್ ರಿಮ್ ರಸ್ತೆ ಹಿಡಿ. ಅದು ಜಲ್ಲಿ ರಸ್ತೆ. ಮಳೆ ಬಿದ್ದ ದಿನ ಹೋಗಲೇಬೇಡ, ಅಲ್ಲಿನ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಜಾರುತ್ತದೆ. ಕುಡಿಯುವ ನೀರು ಮೊದಲೇ ತುಂಬಿಕೊ. ಹಳ್ಳದ ನೀರಿನಲ್ಲಿರುವ ಹೂಳಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೈಸನ್‌ಗಳನ್ನು (ಅಲ್ಲಿನ ಭಾರಿ ಕಾಡುದನಗಳು) 1963ರಲ್ಲಿ ಇಲ್ಲಿಗೆ ಮರಳಿ ತಂದು ಬಿಟ್ಟರು. ಅವು ರಸ್ತೆಗೇ ಬರುತ್ತವೆ. ಕಾರಿನಿಂದ ಇಳಿಯಬೇಡ, ಬಾಲ ಎತ್ತಿತೆಂದರೆ ಅದಕ್ಕೆ ಸಿಟ್ಟು ಬಂದಿದೆ ಅಂತಲೇ ತಿಳಿ.

ಸುಮಾರು ಐದು ಮೈಲಿ ಹೋದರೆ ರಾಬರ್ಟ್ಸ್ ಪ್ರೇರಿ ಡಾಗ್ ಟೌನ್, ಅಂದರೆ ಪ್ರೇರಿ ಡಾಗ್ ಎಂಬ ಪ್ರಾಣಿಗಳ ಬಿಲಗಳೇ ತುಂಬಿದ ಬಯಲು. ಅಳಿಲಿನ ಬಳಗದ ಈ ಪುಟ್ಟ ಪ್ರಾಣಿಗಳು ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಕೂಗುತ್ತವೆ. ಎಲ್ಲರೂ ನಕ್ಕು ಮುಂದೆ ಹೋಗುತ್ತಾರೆ. ನೀನು ನಿಲ್ಲಬೇಕು, ಯಾಕೆಂದರೆ ಕಪ್ಪುಕಾಲಿನ ಫೆರೆಟ್ ಬದುಕುವುದೇ ಇವನ್ನು ತಿಂದು, ಇವುಗಳ ಬಿಲದಲ್ಲೇ ಮಲಗಿ. ಮುಂಗುಸಿಯಂಥ ಮೈಕಟ್ಟಿನ ಆ ಪ್ರಾಣಿಯ ಸಂತತಿ ಅಳಿದೇ ಹೋಯಿತೆಂದುಕೊಂಡಿದ್ದಾಗ, 1981ರಲ್ಲಿ ವಯೋಮಿಂಗ್‌ನಲ್ಲಿ ಕೆಲವು ಸಿಕ್ಕವು. ರೋಗದಿಂದ ಅವೂ ಸಾಯತೊಡಗಿದಾಗ ಉಳಿದ 18ನ್ನು 1987ರ ಹೊತ್ತಿಗೆ ಹಿಡಿದು ಸಾಕಿ ಸಂತತಿ ಬೆಳೆಸಿದರು. 1994ರಲ್ಲಿ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಬಿಟ್ಟರು.

ಇದಿಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ಈಚೆಗೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ ಕಣೋ. 2008ರಲ್ಲಿ ಪಕ್ಕದ ಕೊನಾಟಾ ಬೇಸಿನ್ ಎಂಬ ಹುಲ್ಲುಗಾವಲಿನ ಪ್ರೇರಿ ಡಾಗ್‌ಗಳಿಗೆ ಪ್ಲೇಗ್ ಬಂತು. 1898ರಲ್ಲಿ ನಮ್ಮ ಬೆಂಗಳೂರಿನ ಪೇಟೆಗಳನ್ನು ಖಾಲಿ ಮಾಡಿಸಿತಲ್ಲ, ಅದೇ ರೋಗ. ಬಸವನಗುಡಿ, ಮಲ್ಲೇಶ್ವರ ಎದ್ದದ್ದೂ ಆ ಕಾಲದಲ್ಲೇ. ಅದೇ ಅಲೆ 1900ರಲ್ಲಿ ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿತು, ಅಲ್ಲಿಂದ ಕಾಡಿನ ದಂಶಕಗಳಿಗೆ ಹಬ್ಬಿತು. ಪ್ರೇರಿ ಡಾಗ್‌ಗೆ ಇದನ್ನು ತಾಳಿಕೊಳ್ಳುವ ಶಕ್ತಿಯಿಲ್ಲ, ಅವುಗಳ ಬಿಲಗಳ ಊರಿಗೆ ಊರೇ ಬರಿದಾಗುತ್ತದೆ. ಊಟವೂ ಮನೆಯೂ ಹೋದಮೇಲೆ ಫೆರೆಟ್ ಉಳಿಯುವುದೆಲ್ಲಿ?

ಈ ರೋಗ ಹರಡುವುದು ಚಿಗಟಗಳಿಂದ. ಅದಕ್ಕೇ ಬಿಲ ಬಿಲಕ್ಕೂ ನಾಲ್ಕೈದು ಗ್ರಾಂ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕದ ಪುಡಿ ಊದಿ ಅವನ್ನು ಕೊಲ್ಲುತ್ತಾರೆ. ಪುಡಿಯ ಶಕ್ತಿ ಕುಂದುತ್ತದೆ, ಮತ್ತೆ ಊದಬೇಕು. ವರ್ಷಗಟ್ಟಲೆ ಅದನ್ನೇ ಹಾಕಿದರೆ ಚಿಗಟಗಳು ಜಗ್ಗುವುದಿಲ್ಲ, ಔಷಧಿ ಬದಲಿಸಬೇಕು. ಫೆರೆಟ್‌ಗಳಿಗೆ ಲಸಿಕೆಯೂ ಉಂಟು, ಎರಡು ಸಲ ಚುಚ್ಚಬೇಕು. ಅಂದರೆ ರಾತ್ರಿಯೆಲ್ಲ ಸ್ಪಾಟ್‌ಲೈಟ್ ಬೀಸಿ, ಹಸಿರಾಗಿ ಹೊಳೆಯುವ ಕಣ್ಣು ಹುಡುಕಿ, ಬಿಲದ ಬಾಯಿಗೆ ಬೋನು ಇಟ್ಟು ಹಿಡಿಯಬೇಕು. ವಾರಗಳಾದ ಮೇಲೆ ಅದೇ ಪ್ರಾಣಿಯನ್ನು ಮತ್ತೊಮ್ಮೆ. ಈ ಕೆಲಸ ಒಂದೆರಡು ವರ್ಷ ನಿಂತರೆ ಏನಾದೀತು ಅಂತ ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಆಯ್ತು, ನಿನ್ನ ಪ್ರವಾಸದ ಖುಷಿ ಕೆಡಿಸುವುದಿಲ್ಲ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿಕೊ, ಬಿಲದ ಹತ್ತಿರ ಕೂರಬೇಡ, ಪ್ರೇರಿ ಡಾಗ್‌ಗೆ ಚಿಪ್ಸ್ ಹಾಕಬೇಡ. ಫೋಟೊ ಕಳಿಸು. ಬೈಸನ್ ಪಕ್ಕದ ಸೆಲ್ಫಿ ಬಂದರೆ ಮಾತ್ರ ನಿನ್ನ ಜೊತೆ ಟೂ!