ಗೋಣಿ ಮರ ಕಡಿಯಲು ಅನುಮತಿ ಕೊಟ್ಟವರು ಯಾರು?

ಮಾನ್ಯರೇ,

ನಮ್ಮ ಊರಿನ ಸಂತೆ ರಸ್ತೆಯಲ್ಲಿದ್ದ ಹಳೇ ಗೋಣಿ ಮರವನ್ನು ಭಾನುವಾರ ಜನ ಏಳುವ ಮೊದಲೇ ಉರುಳಿಸಿದ್ದಾರೆ. ಕೇಳಿದರೆ ಅಂಗಡಿ ಬೋರ್ಡು ಕಾಣುತ್ತಿರಲಿಲ್ಲವಂತೆ! ಬುಡದಲ್ಲಿ ಇನ್ನೂ ಹಾಲು ಜಿನುಗುತ್ತಿದೆ, ಒಣಗಿದ ಮರ ಅನ್ನೋ ಸಬೂಬೂ ನಡೆಯಲ್ಲ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬೆಂಗಳೂರಿಗಷ್ಟೇ ಅಲ್ಲ, ನಮ್ಮಂಥ ಸಣ್ಣ ಊರಿಗೂ ಇದೆ. ಸ್ವಂತ ಹಿತ್ತಲಿನ ಮರ ಕಡಿಯಲಿಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು, ತೆಂಗು, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಾಗಿರುವಾಗ ರಸ್ತೆ ಬದಿಯ ಮರಕ್ಕೆ ಬಾಯಿಮಾತು ಸಾಕಾಗುತ್ತಾ? ಪುರಸಭೆಯವರು ಅರಣ್ಯ ಇಲಾಖೆ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ಅನುಮತಿ ಪತ್ರ ಇದ್ದರೆ ನೋಟಿಸ್ ಬೋರ್ಡಿಗೆ ಹಾಕಲಿ, ಇಲ್ಲದಿದ್ದರೆ ಕೇಸು ದಾಖಲಿಸಲಿ.

– ಸಂತೆ ರಸ್ತೆಯ ನಿವಾಸಿ