ಅಮ್ಮನಿಗೆ ಡಾಕ್ಟರು, ಮಗನಿಗೆ ಡ್ರಮ್ಮು

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಕ್ಕಳಿಗೆ ರಜೆ ಶುರುವಾಗಿರುತ್ತದೆ. ಮನೆಮಂದಿಯೆಲ್ಲ ಕೂತು ನೋಡಲು ಒಂದು ಕಪ್ಪು-ಬಿಳುಪು ಸಿನಿಮಾ ಹೇಳುತ್ತೇನೆ: 1940ರ ‘ಸ್ಟ್ರೈಕ್ ಅಪ್ ದ ಬ್ಯಾಂಡ್’. ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊ ತಯಾರಿಕೆ, ಬಸ್ಬಿ ಬರ್ಕ್ಲಿ ನಿರ್ದೇಶನ. ‘ಇಷ್ಟು ಹಳೆಯದಾ!’ ಎಂದು ಮೂಗು ಮುರಿದವರೂ ಕಾಂಗಾ ಎಂಬ ಕ್ಯೂಬಾ ಮೂಲದ ಕುಣಿತ ಬರುವಷ್ಟರಲ್ಲಿ ಕಾಲು ಆಡಿಸುತ್ತಿರುತ್ತಾರೆ.

ರಿವರ್‌ವುಡ್ ಹೈಸ್ಕೂಲಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಹುಡುಗ ಜಿಮ್ಮಿ. ಪಾತ್ರ ಮಿಕಿ ರೂನಿಯದು. ಮಗ ಡಾಕ್ಟರಾಗಬೇಕೆಂದು ಅಮ್ಮನ ಆಸೆ. (ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಅವನಿಗೋ ಪರೇಡಿನ ಕವಾಯತು ಸಂಗೀತ ಸಾಕಾಗಿದೆ. ಅದೇ ಗೆಳೆಯರು, ಅದೇ ವಾದ್ಯ ಇಟ್ಟುಕೊಂಡು ಡಾನ್ಸ್ ಆರ್ಕೆಸ್ಟ್ರಾ ಕಟ್ಟುತ್ತಾನೆ. ಹಾಡಲು ಮೇರಿ, ಅಂದರೆ ಜೂಡಿ ಗಾರ್ಲೆಂಡ್. ಷಿಕಾಗೊದಲ್ಲಿ ಹೆಸರಾಂತ ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್ ನಡೆಸುವ ಸ್ಪರ್ಧೆಗೆ ಹೋಗಲು ದುಡ್ಡು ಬೇಕು. ಅದಕ್ಕೆಂದು ಒಂದು ನಾಟಕ. ಕೂಡಿಸಿದ ಹಣ ಗಾಯಗೊಂಡ ಗೆಳೆಯನ ಚಿಕಿತ್ಸೆಗೆ ಹೋಗುತ್ತದೆ. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ನಾಟಕದ ಭಾಗ ಸ್ವಲ್ಪ ಎಳೆದಾಟ. ಕಾಫಿಗೆ ಏಳುವುದಾದರೆ ಆಗ ಏಳಿ.

ಆದರೆ ಹಣ್ಣಿನ ದೃಶ್ಯಕ್ಕೆ ಕದಲಬೇಡಿ. ತನ್ನ ಆರ್ಕೆಸ್ಟ್ರಾ ಹೇಗಿರಬೇಕೆಂದು ಜಿಮ್ಮಿ ಮೇಜಿನ ಮೇಲಿನ ಹಣ್ಣುಗಳನ್ನು ಜೋಡಿಸಿ ಮೇರಿಗೆ ತೋರಿಸುತ್ತಾನೆ. ನೋಡನೋಡುತ್ತ ಹಣ್ಣುಗಳೇ ವಾದ್ಯಗಾರರಾಗಿ ನುಡಿಸತೊಡಗುತ್ತವೆ. ಕಂಪ್ಯೂಟರಿನ ಹಂಗಿಲ್ಲದ ಕಾಲದ ಆನಿಮೇಷನ್ ಅದು. ಉಪಾಯ ಕೊಟ್ಟವರು ಆಗಷ್ಟೇ ಎಂಜಿಎಂಗೆ ಬಂದಿದ್ದ, ಮುಂದೆ ಸಿನಿಮಾ ನಿರ್ದೇಶಕರಾದ ವಿನ್ಸೆಂಟ್ ಮಿನೆಲಿ; 1945ರಲ್ಲಿ ಅವರು ಜೂಡಿಯನ್ನೇ ಮದುವೆಯಾದರು!

ಶೀರ್ಷಿಕೆಯ ಹಾಡಿನದೂ ಒಂದು ತಮಾಷೆ. ಸಂಗೀತ ಹೆಣೆಯುವ ಜಾರ್ಜ್, ಸಾಹಿತ್ಯ ಬರೆಯುವ ಐರಾ ಎಂಬ ಗರ್ಶ್ವಿನ್ ಸಹೋದರರು 1927ರಲ್ಲಿ ಅದನ್ನು ಬರೆದದ್ದು ಯುದ್ಧೋನ್ಮಾದವನ್ನು ಅಣಕಿಸುವ ನಾಟಕಕ್ಕೆ. ಅದರಲ್ಲಿ ಅಮೆರಿಕ ಸ್ವಿಟ್ಜರ್ಲೆಂಡಿನ ಮೇಲೆ ಯುದ್ಧ ಸಾರುವುದು ಚೀಸಿನ ಸುಂಕಕ್ಕಾಗಿ! ಯುರೋಪು ನಿಜವಾಗಿಯೂ ಹೊತ್ತಿ ಉರಿಯುತ್ತಿದ್ದ 1940ರಲ್ಲಿ ಅದೇ ಹಾಡಿಗೆ ಚಿತ್ರದ ಕೊನೆಯಲ್ಲಿ ಧ್ವಜ ಹಾರುತ್ತದೆ. ವ್ಯಂಗ್ಯ ಎಲ್ಲೋ ಸೋರಿಹೋಗಿದೆ, ಹಾಡು ಮಾತ್ರ ಗಟ್ಟಿ.

ನನಗೆ ಹಿಡಿಸಿದ್ದು ಅಮ್ಮನ ಪಾತ್ರ. ಆಕೆ ಖಳನಾಯಕಿಯಲ್ಲ, ಮಗ ಬಂಡಾಯಗಾರನೂ ಅಲ್ಲ. ಇಬ್ಬರೂ ಮಾತಾಡುತ್ತಾರೆ, ಆಕೆ ಒಪ್ಪುತ್ತಾಳೆ. ಹಾಡು-ಕುಣಿತದ ಗದ್ದಲದಲ್ಲಿ ಇಂಥ ಮಾತಿಗೆ ಜಾಗ ಕೊಟ್ಟಿದ್ದಾರಲ್ಲ!

ನಮ್ಮ ಮಕ್ಕಳಲ್ಲೂ ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್, ಕ್ಲಾರಿನೆಟ್, ಡ್ರಮ್ ನುಡಿಸುವವರಿದ್ದಾರೆ. ಸಂಘದ ಕಾರ್ಯಕ್ರಮಕ್ಕೆ ಬರುವಾಗ ಮಾತ್ರ ವಾದ್ಯವನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ, ಇಲ್ಲೇನಿದ್ದರೂ ವೀಣೆ-ಮೃದಂಗ ಎಂದುಕೊಂಡು. ಈ ಸಲದ ರಾಜ್ಯೋತ್ಸವಕ್ಕೆ ಭಾವಗೀತೆಗಳ ಜೊತೆ ಅವರೂ ನುಡಿಸಲಿ. ಸ್ವರಪ್ರಸ್ತಾರ ಬರೆದುಕೊಡಲು ಹಿರಿಯರು ಒಪ್ಪಿದ್ದಾರೆ. ಹೆಸರು ಕೊಡಿ, ಯಾವ ವಾದ್ಯ ಎಂಬುದನ್ನೂ ತಿಳಿಸಿ. ಟ್ಯೂಬಾ ಎಂಬ ಭಾರೀ ಗಾತ್ರದ ಹಿತ್ತಾಳೆ ವಾದ್ಯ ಇದ್ದರೆ ಮೊದಲೇ ಹೇಳಿ, ನಮ್ಮ ವೇದಿಕೆ ಚಿಕ್ಕದು.