ಶಿಲುಬೆ ಯುದ್ಧವನ್ನು ‘ಧರ್ಮಯುದ್ಧ’ ಅನ್ನಬೇಡಿ

ಮಾನ್ಯರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಕ್ರುಸೇಡ್‌ಗಳ ಬಗ್ಗೆ, ಅಂದರೆ ಪೋಪರ ಕರೆಯ ಮೇಲೆ ಯುರೋಪಿನ ಕ್ರೈಸ್ತರು ಮಾಡಿದ ಯುದ್ಧಗಳ ಬಗ್ಗೆ, ಅರ್ಧ ಪುಟದ ಬರಹ ಬಂದಿತ್ತು. ಇಸವಿ, ಹೆಸರು ಎಲ್ಲ ಸರಿಯಾಗಿಯೇ ಇದ್ದವು. ಆದರೆ ತಲೆಬರಹದಿಂದ ಕೊನೆಯ ಸಾಲಿನವರೆಗೂ ಅದನ್ನು ‘ಧರ್ಮಯುದ್ಧ’ ಎಂದೇ ಬರೆದಿದ್ದೀರಿ. ಒಂಬತ್ತನೇ ತರಗತಿಯ ನನ್ನ ಮಗಳು ಓದಿ, “ಆಯೀ, ಧರ್ಮಯುದ್ಧ ಅಂದ್ರೆ ಪಾಂಡವರದ್ದಲ್ವಾ? ಪೋಪ್ ಎಲ್ಲಿಂದ ಬಂದ್ರು?” ಎಂದು ಕೇಳಿದಳು. ಬಟ್ಟೆ ಕತ್ತರಿಸುತ್ತಿದ್ದೆ. ಕತ್ತರಿ ಕೆಳಗಿಟ್ಟು ಆ ಪುಟವನ್ನು ಇನ್ನೊಮ್ಮೆ ಓದಿದೆ. ಮಗಳ ಪ್ರಶ್ನೆಯೇ ಸರಿ ಅನ್ನಿಸಿತು. ಅದಕ್ಕೇ ಈ ಪತ್ರ.

ಹೊನ್ನಾವರದಲ್ಲಿ ನನ್ನದು ಟೈಲರ್ ಅಂಗಡಿ. ಬ್ಲೌಸು, ಶಾಲೆಯ ಯೂನಿಫಾರ್ಮು ಹೊಲಿಯುವುದು ದಿನದ ಕೆಲಸ. ಅದರ ಜೊತೆಗೆ ಯಕ್ಷಗಾನದವರ ದಗಲೆ ಹೊಲಿಯುತ್ತೇನೆ. ಇಗರ್ಜಿಯ ಪೀಠಕ್ಕೆ ಹಾಸುವ ಬಟ್ಟೆಯನ್ನೂ ಹೊಲಿಯುತ್ತೇನೆ. ಹಾಗಾಗಿ ಧರ್ಮಯುದ್ಧ, ಶಿಲುಬೆ ಎರಡೂ ನನಗೆ ದೂರದ ಮಾತುಗಳಲ್ಲ.

ನಮ್ಮ ಕಡೆ ಧರ್ಮಯುದ್ಧ ಅನ್ನುವ ಮಾತನ್ನು ಪುಸ್ತಕದಲ್ಲಿ ಓದಿ ಕಲಿತವರು ಕಡಿಮೆ, ವೇಷ ಕಟ್ಟದೆ ಕೂತು ವಾದ ಮಾಡುವ ತಾಳಮದ್ದಳೆಯಲ್ಲಿ ಕೇಳಿ ಕಲಿತವರೇ ಜಾಸ್ತಿ. ಮಳೆಗಾಲದ ರಾತ್ರಿ, ಹೊರಗೆ ಧೋ ಎಂದು ಸುರಿಯುತ್ತಿರುವಾಗ, ರಥದ ಗಾಲಿ ಹೂತುಹೋದ ಕರ್ಣ “ಸ್ವಲ್ಪ ತಡೆ, ಇದು ಧರ್ಮವಲ್ಲ” ಅನ್ನುತ್ತಾನೆ. ಕೃಷ್ಣನ ಅರ್ಥ ಹೇಳುವವರು ಅಲ್ಲಿಂದ ಹಿಡಿದು, “ಅಭಿಮನ್ಯುವನ್ನು ಸುತ್ತುಗಟ್ಟಿ ಕೊಂದಾಗ ಎಲ್ಲಿತ್ತು ನಿನ್ನ ಧರ್ಮ?” ಎಂದು ಕೇಳುತ್ತಾರೆ. ಗಂಟೆಗಟ್ಟಲೆ ವಾದ ಅದರ ಮೇಲೇ ನಡೆಯುತ್ತದೆ. ಅಲ್ಲಿ ಯಾರ ದೇವರು ದೊಡ್ಡವನು ಅನ್ನುವ ಪ್ರಶ್ನೆಯೇ ಇಲ್ಲ. ಎರಡೂ ಕಡೆಯವರು ಒಂದೇ ಮನೆಯವರು, ಪೂಜೆಯೂ ಒಂದೇ. ಯುದ್ಧ ಶುರುವಾಗುವ ಮೊದಲು ಕೂತು ಕಟ್ಟಳೆ ಮಾಡಿಕೊಳ್ಳುತ್ತಾರೆ. ರಥದವನ ಜೊತೆ ರಥದವನೇ ಕಾದಬೇಕು. ಆಯುಧ ಬಿಟ್ಟವನನ್ನು, ಬೆನ್ನು ತಿರುಗಿಸಿ ಓಡುವವನನ್ನು ಹೊಡೆಯಬಾರದು. ಸಾರಥಿಯ ಮೇಲೆ, ಶಂಖ ಊದುವವನ ಮೇಲೆ ಕೈ ಮಾಡಬಾರದು. ಆ ಕಟ್ಟಳೆಗಳೆಲ್ಲ ಆಮೇಲೆ ಮುರಿದವು, ನಿಜ. ಮುರಿದದ್ದು ತಪ್ಪು ಎಂದು ಇವತ್ತಿಗೂ ರಾತ್ರಿಯಿಡೀ ವಾದ ಮಾಡುತ್ತೇವಲ್ಲ, ಆ ಮಾತಿನ ಜೀವ ಇರುವುದೇ ಅಲ್ಲಿ.

ಈಗ ಕ್ರುಸೇಡ್ ನೋಡಿ. 1095ರ ನವೆಂಬರಿನಲ್ಲಿ ಫ್ರಾನ್ಸಿನ ಕ್ಲೆರ್ಮೋಂಟ್ ಎಂಬಲ್ಲಿ ಎರಡನೇ ಅರ್ಬನ್ ಎಂಬ ಪೋಪ್ ಕರೆ ಕೊಟ್ಟರು. ಜೆರುಸಲೇಮನ್ನು ಬಿಡಿಸಿಕೊಳ್ಳಲು ಹೊರಟವರು ಹರಕೆ ಹೊತ್ತರು. ಹರಕೆಯ ಗುರುತಿಗೆ ಬಟ್ಟೆಯಲ್ಲಿ ಶಿಲುಬೆ ಕತ್ತರಿಸಿ ಉಡುಪಿನ ಮೇಲೆ ಹೊಲಿಸಿಕೊಂಡರು. ಹೆಚ್ಚಾಗಿ ಭುಜದ ಮೇಲೆ. ಆ ಕೆಲಸ ನನಗೆ ಗೊತ್ತು. ಭುಜದ ಮೇಲೆ ಹೀಗೆ ತುಂಡು ಕೂರಿಸುವುದು ಕಷ್ಟ. ಅಲ್ಲಿ ಬಟ್ಟೆ ಬಾಗಿರುತ್ತದೆ. ಶಿಲುಬೆಯ ಒಳಮೂಲೆಗಳಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಅಂಚು ಮಡಚದಿದ್ದರೆ ಮುದುರಿಕೊಳ್ಳುತ್ತದೆ. ಅಂಥ ಸಾವಿರಾರು ತುಂಡುಗಳನ್ನು ಯಾರೋ ಕೂತು ಕೈಯಲ್ಲಿ ಹೊಲಿದಿರಬೇಕು. ಯುದ್ಧಕ್ಕೆ ಹೆಸರು ಬಂದದ್ದು ಆ ತುಂಡಿನಿಂದಲೇ. ಹೋದವರು ತಮ್ಮದನ್ನು ಯಾತ್ರೆ ಅನ್ನುತ್ತಿದ್ದರು, ಜನ ಅವರನ್ನು ‘ಶಿಲುಬೆ ತೊಟ್ಟವರು’ ಅನ್ನುತ್ತಿದ್ದರು. ಕ್ರುಸೇಡ್ ಅನ್ನುವ ಇಂಗ್ಲಿಷ್ ಪದ ಬಂದದ್ದು ಎಷ್ಟೋ ನೂರು ವರ್ಷ ಆದ ಮೇಲೆ. ಅದರೊಳಗೂ ಇರುವುದು ಶಿಲುಬೆಯೇ, ಧರ್ಮ ಅಲ್ಲ.

1099ರ ಜುಲೈಯಲ್ಲಿ ಜೆರುಸಲೇಮ್ ಗೆದ್ದಾಗ ಅವರು ಊರೊಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ಹೆಂಗಸರು ಮಕ್ಕಳು ಎನ್ನದೆ ಕೊಂದರು. ಇದಕ್ಕೆ ಧರ್ಮಯುದ್ಧ ಎಂದರೆ ಕನ್ನಡ ಓದುವ ಮಗುವಿನ ಕಿವಿಗೆ ‘ನ್ಯಾಯದ ಯುದ್ಧ’ ಎಂದೇ ಬೀಳುತ್ತದೆ. ನಾವು ಆಡುವ ಕನ್ನಡದಲ್ಲಿ ಧರ್ಮ ಅಂದರೆ ನ್ಯಾಯ, ದಾನ. “ನಿಮಗೆ ಧರ್ಮ ಬರುತ್ತದೆ” ಅನ್ನುತ್ತೇವೆ, “ಧರ್ಮಕ್ಕೆ ಕೊಟ್ಟರು” ಅನ್ನುತ್ತೇವೆ.

ಇಲ್ಲಿ ಧರ್ಮ ಅಂದರೆ ಮತ ಎಂದು ನೀವು ಹೇಳಬಹುದು. ಹಾಗೆ ಹಿಡಿದರೂ ಹೊಂದುವುದಿಲ್ಲ. 1204ರಲ್ಲಿ ನಾಲ್ಕನೇ ಕ್ರುಸೇಡಿನವರು ಜೆರುಸಲೇಮಿಗೆ ಹೋಗಲೇ ಇಲ್ಲ. ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದರು. ಅದು ಕ್ರೈಸ್ತರದ್ದೇ ಪಟ್ಟಣ. 1209ರಲ್ಲಿ ಫ್ರಾನ್ಸಿನ ದಕ್ಷಿಣದ ಊರುಗಳ ಮೇಲೆ ದಂಡು ಹೋಯಿತು, ಅದೂ ಕ್ರುಸೇಡೇ. ಯಾರ ಮೇಲೆ ಹೋದರೂ ಬದಲಾಗದೆ ಉಳಿದದ್ದು ಉಡುಪಿನ ಮೇಲಿನ ಆ ಬಟ್ಟೆಯ ಶಿಲುಬೆ. ಅದಕ್ಕೇ ‘ಶಿಲುಬೆ ಯುದ್ಧ’ ಅನ್ನುವುದು ನನಗೆ ಸರಿ ಕಾಣುತ್ತದೆ. ಆ ಹೆಸರು ಯಾರನ್ನೂ ಹೊಗಳುವುದಿಲ್ಲ, ಬೈಯುವುದೂ ಇಲ್ಲ. ಅವರು ಏನು ತೊಟ್ಟು ಹೋದರು ಎಂದಷ್ಟೇ ಹೇಳುತ್ತದೆ.

ಇದು ನಾನು ಸುಮ್ನೆ ಕಟ್ಟಿದ ಮಾತೂ ಅಲ್ಲ. ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದ ಭಟ್ಕಳದ ಗಿರಾಕಿಯೊಬ್ಬರನ್ನು ಅರಬ್ಬಿಯಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಈಗಿನ ಅರಬ್ಬಿಯಲ್ಲೂ ಅದು ‘ಸಲೀಬ್’ನ ಯುದ್ಧವಂತೆ. ಸಲೀಬ್ ಅಂದರೆ ಶಿಲುಬೆ. ಎರಡು ಮಾತೂ ಒಂದೇ ಬಳಗದವು, ಕೇಳಿದರೇ ಗೊತ್ತಾಗುತ್ತದೆ ಅಲ್ವಾ? ಆ ಕಾಲದ ಅರಬ್ಬರು ಬಂದವರನ್ನು ಫ್ರಾಂಕರು ಎಂಬ ಅರ್ಥದಲ್ಲಿ ‘ಇಫ್ರಂಜ್’ ಎಂದು ಕರೆದರು. ನಮ್ಮ ‘ಪರಂಗಿಯವರು’ ಆ ದಾರಿಯಲ್ಲೇ ಬಂದ ಮಾತು. ಇನ್ನು ಪೀಠದ ಬಟ್ಟೆ ಕೊಡಲು ಬರುವ ಇಗರ್ಜಿಯ ಹೆಂಗಸು ಕೊಂಕಣಿಯಲ್ಲಿ “ಖುರಿಸ್ ಸಮಾ ಮಧ್ಯಕ್ಕೆ ಬರಲಿ” ಎಂದು ಪ್ರತಿ ಸಲ ಹೇಳಿ ಹೋಗುತ್ತಾರೆ. ಖುರಿಸ್ ಅಂದರೆ ಶಿಲುಬೆ. ಅದು ಪೋರ್ಚುಗೀಸರ ‘ಕ್ರೂಸ್’ನಿಂದ ಬಂದದ್ದು, ಕ್ರುಸೇಡಿನ ಹತ್ತಿರದ ನೆಂಟ. ಇಷ್ಟೆಲ್ಲ ಮಾತು ನಮ್ಮ ಕರಾವಳಿಯಲ್ಲೇ ಬಿದ್ದಿರುವಾಗ ಕುರುಕ್ಷೇತ್ರದಿಂದ ಹೆಸರು ತರುವುದು ಯಾಕೆ?

ಅದೇ ದಿನದ ಇನ್ನೊಂದು ಪುಟದಲ್ಲಿ ಪ್ಲಾಸ್ಟಿಕ್ ವಿರುದ್ಧ ‘ಕ್ರುಸೇಡ್’ ಎಂಬ ತಲೆಬರಹವೂ ಇತ್ತು. ಅದಕ್ಕೆ ‘ಆಂದೋಲನ’ ಸಾಕು. ಊಟದ ಡಬ್ಬಿ ತೊಳೆದು ಇಡಿ ಎಂದು ಹೇಳಲು ಹೋದವರ ಭುಜಕ್ಕೆ ಶಿಲುಬೆ ಬೇಡ.

ಮುಂದಿನ ಸಲ ‘ಶಿಲುಬೆ ಯುದ್ಧ’ ಎಂದು ಹಾಕಿ, ಪಕ್ಕದಲ್ಲಿ ಕ್ರುಸೇಡ್ ಎಂದು ಕೊಡಿ. ಸಾಧ್ಯವಾದರೆ ಅದೇ ವಿದ್ಯಾರ್ಥಿ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿ. ಮಗಳು ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಾಳೆ. ಅದರ ಕೆಳಗೆ ಇದನ್ನೂ ಅಂಟಿಸುತ್ತೇವೆ.

– ಟೈಲರ್ ಅಂಗಡಿಯ ಓದುಗಿ, ಹೊನ್ನಾವರ